ಅನಿಮೆ ಕ್ರಾಸ್‌ಓವರ್ ರೋಲ್‌ಪ್ಲೇ

ಅನಿಮೆ ಕ್ರಾಸ್‌ಓವರ್ ರೋಲ್‌ಪ್ಲೇ ಎಂಬುದು ಎರಡು ಅಥವಾ ಅದಕ್ಕಿಂತ ಹೆಚ್ಚು ಜಪಾನಿ ಅನಿಮೆ ಇಲ್ಲವೇ ಮಾಂಗಾ ಕೃತಿಗಳ ಪಾತ್ರಗಳನ್ನು ಒಂದೇ ಕಥೆಯೊಳಗೆ ತಂದು, ಹಲವರು ಸೇರಿ ಸರದಿಯಂತೆ ಬರೆಯುವ ಸಾಮೂಹಿಕ ಕಥನ ಪ್ರಕಾರವಾಗಿದೆ. ಇದರಲ್ಲಿ ಪಾಲ್ಗೊಳ್ಳುವ ಪ್ರತಿಯೊಬ್ಬರೂ ಒಂದು ಅಥವಾ ಹೆಚ್ಚು ಪಾತ್ರಗಳ ಹೊಣೆ ಹೊತ್ತು, ಅವುಗಳ ಮಾತು, ನಡೆ ಮತ್ತು ಆಲೋಚನೆಗಳನ್ನು ಬರೆಯುತ್ತಾರೆ. ಕಥೆಯ ಮುಂದಿನ ತಿರುವು ಯಾರೊಬ್ಬರ ಕೈಯಲ್ಲಿಯೂ ಇರುವುದಿಲ್ಲವಾದ್ದರಿಂದ, ಬರವಣಿಗೆ ಆರಂಭವಾಗುವ ಮುನ್ನವೇ ಲೋಕಗಳು, ಶಕ್ತಿಗಳು ಮತ್ತು ಖಳಪಾತ್ರಗಳ ಬಗ್ಗೆ ಒಮ್ಮತಕ್ಕೆ ಬರುವುದು ಈ ಪ್ರಕಾರದಲ್ಲಿ ಅಗತ್ಯವಾಗುತ್ತದೆ.

ಹಿನ್ನೆಲೆ

ಈ ಪ್ರಕಾರಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಪಾತ್ರ ವಹಿಸಿ ಆಡುವ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಜಪಾನಿನಲ್ಲಿ ಈ ಆಟವನ್ನು ಆಡಿದ ಗುಂಪೊಂದರ ಸಂಭಾಷಣೆಗಳು 1986ರಿಂದ ಕಾಂಪ್ಟಿಕ್ ಪತ್ರಿಕೆಯಲ್ಲಿ ಬರಹರೂಪದಲ್ಲಿ ಪ್ರಕಟವಾದವು. ಅವುಗಳ ಆಧಾರದ ಮೇಲೆ ರ್‍ಯೋ ಮಿಜುನೊ ಬರೆದ ರೆಕಾರ್ಡ್ ಆಫ್ ಲೋಡೋಸ್ ವಾರ್ ಕಾದಂಬರಿ 1988ರಲ್ಲಿ ಬಂದಿತು. 1990ರಲ್ಲಿ ಅದರ ಅನಿಮೆ ರೂಪ ಆರಂಭವಾಯಿತು. ಗೆಳೆಯರು ಕೂಡಿ ಆಡಿದ ಆಟವು ಪ್ರಸಿದ್ಧ ಕೃತಿಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಎರಡನೆಯ ಮೂಲ ಕ್ರಾಸ್‌ಓವರ್, ಅಂದರೆ ಬೇರೆಬೇರೆ ಕೃತಿಗಳ ಪಾತ್ರಗಳ ಸಮಾಗಮ. ಗೋ ನಾಗೈ ಅವರ ಎರಡು ಕೃತಿಗಳನ್ನು ಬೆಸೆದ ಮಾಜಿಂಗರ್ ಜೆಡ್ ವರ್ಸಸ್ ಡೆವಿಲ್‌ಮ್ಯಾನ್ ಚಿತ್ರ 1973ರಲ್ಲಿ ತೆರೆಕಂಡಿತು. ಹಲವು ಯಂತ್ರಮಾನವ ಕಥೆಗಳನ್ನು ಒಂದುಗೂಡಿಸಿದ ಸೂಪರ್ ರೋಬಾಟ್ ವಾರ್ಸ್ ಆಟಮಾಲಿಕೆ 1991ರಲ್ಲಿ ಶುರುವಾಯಿತು. 2019ರ ಇಸೆಕಾಯ್ ಕ್ವಾರ್ಟೆಟ್ ನಾಲ್ಕು ಕೃತಿಗಳ ಪಾತ್ರಗಳನ್ನು ಒಂದೇ ಶಾಲೆಯಲ್ಲಿ ಕೂರಿಸಿತು.

ಲೋಕಗಳ ಜೋಡಣೆ

ಪಾತ್ರಗಳು ಭೇಟಿಯಾಗುವ ಬಗೆಯನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ಸಾಮಾನ್ಯವಾಗಿ ಮೂರು ವಿಧಾನಗಳಿವೆ: ಎಲ್ಲ ಕೃತಿಗಳೂ ಮೊದಲಿನಿಂದಲೇ ಒಂದೇ ಲೋಕಕ್ಕೆ ಸೇರಿವೆ ಎಂದು ಭಾವಿಸುವುದು; ಎಲ್ಲ ಪಾತ್ರಗಳನ್ನೂ ಹೊಸದೊಂದು ಲೋಕಕ್ಕೆ ಕರೆತರುವುದು; ಪಾತ್ರಗಳು ಲೋಕದಿಂದ ಲೋಕಕ್ಕೆ ಪಯಣಿಸುವಂತೆ ಮಾಡುವುದು.

ಮೂರನೆಯ ವಿಧಾನಕ್ಕೆ ಕ್ಲ್ಯಾಂಪ್ ತಂಡದ ತ್ಸುಬಾಸಾ ರಿಸರ್ವಾಯರ್ ಕ್ರಾನಿಕಲ್ ಮಾಂಗಾ (2003–2009) ಉತ್ತಮ ಮಾದರಿ. ಇದರಲ್ಲಿ ಲೋಕಗಳ ನಡುವೆ ಪಯಣಿಸಬಯಸುವವರು ತಮಗೆ ಅತ್ಯಂತ ಅಮೂಲ್ಯವಾದುದನ್ನು ಬೆಲೆಯಾಗಿ ತೆರಬೇಕು: ಕುರೊಗಾನೆ ತನ್ನ ಖಡ್ಗವನ್ನು, ಫಾಯ್ ತನ್ನ ಮೈಮೇಲಿನ ಹಚ್ಚೆಯನ್ನು, ಶಾವೊರಾನ್ ತನ್ನ ಮತ್ತು ಸಕುರಾಳ ನಡುವಿನ ಬಾಂಧವ್ಯವನ್ನು ಬಿಟ್ಟುಕೊಡುತ್ತಾರೆ. ಮೊಕೊನಾ ಎಂಬ ಪುಟ್ಟ ಜೀವಿ ಅವರನ್ನು ಸಾಗಿಸುವುದಲ್ಲದೆ ಪರಸ್ಪರರ ಭಾಷೆಯೂ ಅರ್ಥವಾಗುವಂತೆ ಮಾಡುತ್ತದೆ. ಚದುರಿಹೋದ ಸಕುರಾಳ ನೆನಪಿನ ಗರಿಗಳನ್ನು ಹುಡುಕುವುದು ಕಥೆಯನ್ನು ಒಂದು ಲೋಕದಿಂದ ಮುಂದಿನದಕ್ಕೆ ಒಯ್ಯುತ್ತದೆ. ಪಯಣದ ದಾರಿ, ಅದರ ಬೆಲೆ ಮತ್ತು ಅದರ ಗುರಿ ಈ ಮೂರೂ ಸ್ಪಷ್ಟವಾಗಿದ್ದರೆ ಲೋಕಗಳು ಎಷ್ಟೇ ಇದ್ದರೂ ಕಥೆ ದಿಕ್ಕು ತಪ್ಪುವುದಿಲ್ಲ.

ಶಕ್ತಿಗಳ ಸಮತೋಲನ

ಪ್ರತಿ ಕೃತಿಯಲ್ಲಿಯೂ ಶಕ್ತಿಯ ನಿಯಮಗಳು ಬೇರೆಯಾಗಿರುತ್ತವೆ. ಡೆತ್ ನೋಟ್ ಕೃತಿಯಲ್ಲಿ ಒಬ್ಬ ಮನುಷ್ಯನ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ ಹೆಸರನ್ನು ಪುಸ್ತಕದಲ್ಲಿ ಬರೆದರೆ ಅವನು ಸಾಯುತ್ತಾನೆ. ಡ್ರ್ಯಾಗನ್ ಬಾಲ್ ಕೃತಿಯ ಗೋಕು ಭೂಮಿಯ ಮನುಷ್ಯನಲ್ಲ, ಸೈಯನ್ ಕುಲದವನು. ಈ ಎರಡೂ ಕೃತಿಗಳು ಸೇರಿದಾಗ ಆ ಪುಸ್ತಕ ಗೋಕುವಿನ ಮೇಲೆ ಕೆಲಸ ಮಾಡುವುದೇ ಎಂಬ ಪ್ರಶ್ನೆಗೆ ಮೂಲ ಕೃತಿಗಳಲ್ಲಿ ಉತ್ತರ ದೊರೆಯುವುದಿಲ್ಲ. ಇಂತಹ ಪ್ರಶ್ನೆಯನ್ನು ಕಾಳಗದ ನಡುವೆ ಎತ್ತಿದರೆ ಅದು ಬರಹಗಾರರ ನಡುವಿನ ಜಗಳವಾಗಿ ಮಾರ್ಪಡುತ್ತದೆ. ಮೊದಲೇ ಎತ್ತಿದರೆ ಕೇವಲ ಒಂದು ನಿಯಮವಾಗುತ್ತದೆ.

ಪಾತ್ರವನ್ನು ಮೂಲಕಥೆಯ ಯಾವ ಘಟ್ಟದಿಂದ ತೆಗೆದುಕೊಳ್ಳಲಾಗಿದೆ ಎಂಬುದನ್ನೂ ದಾಖಲಿಸಬೇಕು. ಡ್ರ್ಯಾಗನ್ ಬಾಲ್‌ನ ವೆಜಿಟಾ ಶತ್ರುವಾಗಿ ಬಂದು ಮುಂದೆ ಮಿತ್ರಪಕ್ಷಕ್ಕೆ ಸೇರುವವನು. ಘಟ್ಟ ಬದಲಾದರೆ ಅವನ ಶಕ್ತಿ ಮಾತ್ರವಲ್ಲ, ಸ್ವಭಾವವೂ ಬದಲಾಗುತ್ತದೆ.

ಖಳಪಾತ್ರಗಳು

ಹಲವು ಖಳರನ್ನು ಒಂದೇ ಪಕ್ಷದಲ್ಲಿ ನಿಲ್ಲಿಸುವುದು ಈ ಪ್ರಕಾರದ ಕಠಿಣ ಭಾಗ. ಡ್ರ್ಯಾಗನ್ ಬಾಲ್‌ನ ಫ್ರೀಜಾ ಅಮರತ್ವವನ್ನು ಬಯಸುತ್ತಾನೆ. ಬ್ಲೀಚ್‌ನ ಐಜೆನ್ ಎಲ್ಲರಿಗಿಂತ ಮೇಲಿನ ಸ್ಥಾನವನ್ನು ಬಯಸುತ್ತಾನೆ. ಡೆತ್ ನೋಟ್‌ನ ಲೈಟ್ ಹೊಸ ಜಗತ್ತಿನ ದೇವರಾಗಬೇಕೆನ್ನುತ್ತಾನೆ. ಒಬ್ಬರ ಗುರಿ ಈಡೇರಿದರೆ ಉಳಿದವರಿಗೆ ಸ್ಥಳವಿರುವುದಿಲ್ಲ. ಆದ್ದರಿಂದ ಅವರ ಮೈತ್ರಿ ತಾತ್ಕಾಲಿಕವೆಂದು ಬಗೆದು, ಅದು ಯಾವ ಕಾರಣಕ್ಕೆ ಕೂಡಿತು, ಯಾವ ಕಾರಣಕ್ಕೆ ಮುರಿಯಬಹುದು ಎಂದು ಮೊದಲೇ ಯೋಚಿಸಲಾಗುತ್ತದೆ.

ಖಳನ ಪಾತ್ರ ಬರೆಯುವವರು ಕೊನೆಗೆ ಸೋಲಬೇಕಾಗಬಹುದು. ಅವರಿಗೆ ಮೊದಲಿನಿಂದ ಸೋಲೇ ಗತಿಯಾದರೆ ಆ ಪಾತ್ರವನ್ನು ಯಾರೂ ಒಪ್ಪುವುದಿಲ್ಲ. ಎಂದೂ ಸೋಲಲಾರೆನೆಂದರೆ ಉಳಿದವರು ಬರೆಯುವುದನ್ನು ಬಿಡುತ್ತಾರೆ. ಆದ್ದರಿಂದ ನಡುವಿನ ಕೆಲವು ಗೆಲುವುಗಳನ್ನು ಖಳಪಕ್ಷಕ್ಕೆ ಮೀಸಲಿಡುವ ರೂಢಿಯಿದೆ.

ಬರಹಗಾರರ ನಡುವಿನ ಒಪ್ಪಂದ

ಈ ಪ್ರಕಾರದ ಮೂಲಭೂತ ನಿಯಮವೆಂದರೆ ಒಬ್ಬರು ಇನ್ನೊಬ್ಬರ ಪಾತ್ರದ ಕ್ರಿಯೆಯನ್ನು ಅನುಮತಿಯಿಲ್ಲದೆ ಬರೆಯಬಾರದು. ಹೊಡೆತವನ್ನು ಬರೆಯಬಹುದು, ಅದು ತಗುಲಿತೇ ಇಲ್ಲವೇ ಎಂಬುದನ್ನು ಎದುರಾಳಿಯೇ ಬರೆಯಬೇಕು. ಯಾವ ಪೆಟ್ಟಿಗೂ ಜಗ್ಗದ ಪಾತ್ರವನ್ನು ಬರೆಯುವುದನ್ನು ಗಾಡ್‌ಮಾಡಿಂಗ್ ಎಂದು ಕರೆದು ತಪ್ಪೆಂದು ಪರಿಗಣಿಸಲಾಗುತ್ತದೆ. ಬರಹಗಾರನಿಗೆ ತಿಳಿದಿರುವ ರಹಸ್ಯವನ್ನು ಅವನ ಪಾತ್ರವೂ ತಿಳಿದಿರುವಂತೆ ಬರೆಯುವುದು ಮೆಟಾಗೇಮಿಂಗ್ ಎನಿಸುತ್ತದೆ. ಸರದಿ, ಗೈರುಹಾಜರಾದವರ ಪಾತ್ರದ ವ್ಯವಸ್ಥೆ, ಪಾತ್ರದ ಮರಣಕ್ಕೆ ಒಪ್ಪಿಗೆ ಹಾಗೂ ಕಥೆಯಲ್ಲಿ ಬರಕೂಡದ ವಿಷಯಗಳನ್ನೂ ಮೊದಲೇ ಗೊತ್ತುಪಡಿಸಲಾಗುತ್ತದೆ. ಪಾಲ್ಗೊಳ್ಳುವವರಲ್ಲಿ ಹದಿಹರೆಯದವರೂ ಇರುವಲ್ಲಿ ಈ ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಪಾತ್ರಗಳ ನಡುವಿನ ವೈರವು ಬರೆಯುವವರ ನಡುವಿನ ವೈರವಾಗದಂತೆ ಕಾಯುವುದೇ ಇವೆಲ್ಲವುಗಳ ಉದ್ದೇಶ.

ಹಕ್ಕುಸ್ವಾಮ್ಯ

ಮೂಲ ಪಾತ್ರಗಳ ಹಕ್ಕು ಅವುಗಳ ಸೃಷ್ಟಿಕರ್ತರು ಮತ್ತು ಪ್ರಕಾಶಕರಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇಂತಹ ಬರಹಗಳು ಸಾಮಾನ್ಯವಾಗಿ ಲಾಭದ ಉದ್ದೇಶವಿಲ್ಲದೆ, ಅಭಿಮಾನಿಗಳ ನಡುವೆಯೇ ನಡೆಯುತ್ತವೆ. ಬರಹವನ್ನು ಸ್ವತಂತ್ರ ಕೃತಿಯಾಗಿ ಮಾರಬಯಸುವವರು ಪಾತ್ರಗಳನ್ನೂ ಲೋಕಗಳನ್ನೂ ಹೊಸದಾಗಿ ಕಲ್ಪಿಸಬೇಕಾಗುತ್ತದೆ.