ಬೇಸ್ ಗಿಟಾರಿನ ಧ್ವನಿವರ್ಧಕವು ಮೂಕವಾಗುವುದೇಕೆ?

ಬೇಸ್ ಗಿಟಾರನ್ನು ನುಡಿಸುತ್ತಿರುವಾಗ ಕಾಲಡಿಯ ಪೆಡಲನ್ನು ಒತ್ತಿದೊಡನೆ ಧ್ವನಿವರ್ಧಕವು ನಿಂತುಹೋದರೆ, ನೋಡಿದವರೆಲ್ಲರೂ ಪೆಡಲನ್ನೇ ದೂಷಿಸುವುದು ಸಹಜ. ನಮ್ಮ ವಿದ್ಯಾರ್ಥಿಗಳ ವಾರ್ಷಿಕೋತ್ಸವದ ಅಭ್ಯಾಸಕಾಲದಲ್ಲಿ ಇಂಥದೇ ಪ್ರಸಂಗವೊಂದು ಒದಗಿತು. ಪೆಡಲನ್ನು ಎರವಲು ತಂದಿದ್ದ ಹುಡುಗನೇ ವರ್ಧಕವನ್ನು ಕೆಡಿಸಿದನೆಂದೂ ರಿಪೇರಿಯ ಹಣವನ್ನು ಅವನೇ ತೆರಬೇಕೆಂದೂ ಮಾತು ಹುಟ್ಟಿತು. ಇತಿಹಾಸವನ್ನು ಬೋಧಿಸುವವನಿಗೆ ಈ ತೀರ್ಪು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. 1914ರ ಜೂನ್ 28ರಂದು ಸಾರಾಯೆವೊದಲ್ಲಿ ಹಾರಿದ ಗುಂಡು ಮಹಾಯುದ್ಧಕ್ಕೆ ನಿಮಿತ್ತವಾಯಿತೇ ಹೊರತು, ಮದ್ದು ಅಷ್ಟರಲ್ಲೇ ಬೇರೆಡೆ ಶೇಖರವಾಗಿದ್ದಿತು.

ಪೆಡಲಿನ ಪೂರ್ವೇತಿಹಾಸವೂ ಇಲ್ಲಿ ಸ್ವಾರಸ್ಯಕರವೇ. ಅಮೆರಿಕದ ಫೆಂಡರ್ ಸಂಸ್ಥೆಯು 1951ರಲ್ಲಿ ಪ್ರಿಸಿಷನ್ ಬೇಸನ್ನೂ ಮರುವರ್ಷ ಅದಕ್ಕೊಪ್ಪುವ ಬೇಸ್‌ಮನ್ ವರ್ಧಕವನ್ನೂ ಹೊರತಂದಿತು. 1960ರಲ್ಲಿ ಮಾರ್ಟಿ ರಾಬಿನ್ಸನ ಹಾಡೊಂದರ ಧ್ವನಿಮುದ್ರಣದಲ್ಲಿ, ಯಂತ್ರದ ಒಂದು ವಾಹಿನಿ ಕೆಟ್ಟಿದ್ದುದರಿಂದ ಗ್ರೇಡಿ ಮಾರ್ಟಿನ್ ನುಡಿಸಿದ ಆರು ತಂತಿಯ ಬೇಸಿನ ನಾದವು ಒಡೆದು ಗೊರಗೊರನೆ ಕೇಳಿಬಂದಿತು. ಈ ದೋಷವೇ ಜನರಿಗೆ ಮೆಚ್ಚಾಯಿತು! 1962ರಲ್ಲಿ ಮ್ಯಾಸ್ಟ್ರೋ ಫಜ್-ಟೋನ್ ಎಂಬ ಪೆಡಲು ಅದನ್ನು ಬೇಕಾದಾಗ ಹುಟ್ಟಿಸತಕ್ಕ ಸಾಧನವಾಗಿ ಮಾರುಕಟ್ಟೆಗೆ ಬಂದಿತು.

ಫಜ್ ಪೆಡಲು ಮಾಡುವ ಕೆಲಸವೆಂದರೆ, ಗಿಟಾರಿನಿಂದ ಬಂದ ಕ್ಷೀಣ ಸಂಕೇತವನ್ನು ಹಿಗ್ಗಿಸಿ, ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆಗೊಳಿಸುವುದು. ನುಣುಪಾದ ಅಲೆಗಿಂತ, ಅಷ್ಟೇ ಎತ್ತರದ ಪೂರ್ಣ ಚಪ್ಪಟೆಯ ಅಲೆಯು ಇಮ್ಮಡಿ ಶಕ್ತಿಯನ್ನು ಹೊರುತ್ತದೆ. 20 ವೋಲ್ಟ್ ಎತ್ತರದ ನುಣುಪಾದ ಅಲೆ 4 ಓಮ್ ರೋಧದಲ್ಲಿ 50 ವಾಟ್ ವ್ಯಯಿಸಿದರೆ, ಚಪ್ಪಟೆಯಾದುದು 100 ವಾಟ್ ವ್ಯಯಿಸುವುದು. ರೋಧವು 2 ಓಮಿಗೆ ಇಳಿದರೆ ಇದು 200 ವಾಟಾಗಿ, ಹರಿಯುವ ವಿದ್ಯುತ್ತು 5 ಆಂಪಿಯರಿನಿಂದ 10ಕ್ಕೆ ಏರುತ್ತದೆ. ಮಿತಿ ಮೀರಿದೊಡನೆ ಇಂದಿನ ವರ್ಧಕಗಳಲ್ಲಿರುವ ರಕ್ಷಣಾಮಂಡಲವು ಧ್ವನಿಯನ್ನು ತಡೆದು ಯಂತ್ರವನ್ನು ಉಳಿಸಿಕೊಳ್ಳುತ್ತದೆ. ಮೌನವು ಇಲ್ಲಿ ರೋಗವಲ್ಲ, ರೋಗದ ಸೂಚನೆ.

ಆದುದರಿಂದ ನಾವು ಒಂದೊಂದನ್ನೇ ಬದಲಿಸಿ ನೋಡಿದೆವು. ಪೆಡಲಿನ ಅಡಾಪ್ಟರನ್ನು ತೆಗೆದು 9 ವೋಲ್ಟಿನ ಬ್ಯಾಟರಿಯನ್ನು ಹಾಕಿದರೂ, ಗಿಟಾರಿನ ಕೇಬಲನ್ನು ಬದಲಿಸಿದರೂ ವರ್ಧಕವು ನಿಲ್ಲುವುದು ತಪ್ಪಲಿಲ್ಲ. ಪೆಡಲಿನ ಮಟ್ಟವನ್ನು ತಗ್ಗಿಸಿದಾಗ ನಿಲ್ಲಲಿಲ್ಲ. ಬಳಿಕ ಪೆಡಲನ್ನು ಪೂರ್ಣವಾಗಿ ಕಳಚಿ, ವರ್ಧಕದ ಗುಂಡಿಯನ್ನೇ ತಿರುಗಿಸುತ್ತ ಹೋದೆವು. ವರ್ಧಕವು ಹಿಂದಿನಂತೆಯೇ ಮೂಕವಾಯಿತು. ಆರೋಪಿಯ ಗೈರುಹಾಜರಿಯಲ್ಲಿ ಅಪರಾಧ ನಡೆದಮೇಲೆ ಇನ್ನೇನು ಸಾಕ್ಷ್ಯ ಬೇಕು? ಹಿಂಬದಿಗೆ ಹೋಗಿ ನೋಡಲಾಗಿ, 4 ಓಮಿನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಜೋಡಿಸಲಾಗಿದ್ದಿತು. ಎರಡರ ಒಟ್ಟು ರೋಧ 2 ಓಮ್. ವರ್ಧಕದ ಬೆನ್ನಿನ ಮೇಲಾದರೋ 4ಕ್ಕೆ ಕಡಿಮೆಯಿರಕೂಡದೆಂದು ಅಚ್ಚಾಗಿದ್ದಿತು. ಎರಡನೆಯ ಪೆಟ್ಟಿಗೆ, ಸದ್ದು ಹೆಚ್ಚಲೆಂದು, ಹಿಂದಿನ ದಿನವಷ್ಟೇ ಬಂದದ್ದು. ತಂದವರು ದೂರಿದವರ ಪೈಕಿಯೇ! ಅದನ್ನು ಕಳಚಿದಮೇಲೆ ಪೆಡಲನ್ನು ಎಷ್ಟು ಒತ್ತಿದರೂ ವರ್ಧಕವು ನಿಲ್ಲಲಿಲ್ಲ.

ಎಲ್ಲೆಡೆಯೂ ಕಾರಣವು ಇದೇ ಆಗಿರಬೇಕೆಂದಿಲ್ಲ. ದೀಪವೂ ಆರಿದರೆ ಫ್ಯೂಸನ್ನೂ ಪ್ಲಗ್ಗನ್ನೂ ಮೊದಲು ನೋಡತಕ್ಕದ್ದು. ಬಹಳ ಹೊತ್ತು ನುಡಿಸಿದ ಬಳಿಕ ನಿಂತು, ತಣಿದಮೇಲೆ ತಾನಾಗಿ ಮಾತನಾಡಿದರೆ, ಗಾಳಿಯ ಕಿಂಡಿ ಮುಚ್ಚಿದೆಯೇ, ಫ್ಯಾನು ತಿರುಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಸ್ಪೀಕರಿಗೆ ಗಿಟಾರಿನ ತೆಳು ಕೇಬಲನ್ನು ಬಳಸುವ ದುರಭ್ಯಾಸವೂ ಉಂಟು. ಅದು ಕಾದು ಒಳಗೇ ತಂತಿಗಳು ತಗುಲಿಕೊಂಡರೆ ಪರಿಣಾಮ ಇನ್ನೂ ಕೆಟ್ಟದು. ನಿರ್ವಾತ ಕವಾಟಗಳುಳ್ಳ ಹಳೆಯ ಮಾದರಿಯ ವರ್ಧಕವನ್ನು ಸ್ಪೀಕರಿಲ್ಲದೆ ನಡೆಸಲೇಕೂಡದು. ಪ್ಲಗ್ಗನ್ನು ಕಿತ್ತಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ ಕಾರಣ, ಪೆಟ್ಟಿಗೆಯನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡತಕ್ಕದ್ದು.