ಹಳೆಯ ಟ್ರಾಕ್ಟರಿನ ಟ್ರೈಲರಿಗೆ ಬ್ರೇಕು ಮತ್ತು ದೀಪ

ಬೆಳೆಯನ್ನು ಬೆಳೆದರೆ ಸಾಲದು, ಅದನ್ನು ಸುರಕ್ಷಿತವಾಗಿ ಮಾರುಕಟ್ಟೆಗೆ ಮುಟ್ಟಿಸಲೂ ಬೇಕು. ಹುಲಿಕೆರೆ, ಹಳೇಬೀಡು, ಜಾವಗಲ್ ಸುತ್ತಮುತ್ತ ಮುಂಗಾರಿನ ಆಲೂಗೆಡ್ಡೆ ಕೀಳುವ ಕಾಲದಲ್ಲಿ ಟ್ರೈಲರುಗಳು ಹಾಸನದ ಮಾರುಕಟ್ಟೆಗೆ ಹೊರಡುತ್ತವೆ. ತೆಂಗಿನಕಾಯಿ, ಕೊಬ್ಬರಿ ಅರಸೀಕೆರೆಗೆ ಹೋಗುತ್ತದೆ. ಹೊರಡುವುದು ಹೆಚ್ಚಾಗಿ ಕತ್ತಲಿರುವಾಗಲೇ. ಅದೇ ರಸ್ತೆಗಳಲ್ಲಿ ಹಳೇಬೀಡಿನ ದೇವಾಲಯವನ್ನೂ ಹುಲಿಕೆರೆಯ ಪುಷ್ಕರಣಿಯನ್ನೂ ನೋಡಲು ಬರುವವರ ಕಾರುಗಳು ಓಡಾಡುತ್ತವೆ.

ಒಂದು ಸಂಜೆ ಆ ಕಡೆಯ ಆಲೂಗೆಡ್ಡೆ ತಾಕುಗಳನ್ನು ನೋಡಿ ಹಿಂದಿರುಗುತ್ತಿದ್ದಾಗ, ನಮ್ಮ ಜೀಪಿನ ಮುಂದೆ ಕೆಲವೇ ಮಾರು ದೂರದಲ್ಲಿ ದೀಪವಿಲ್ಲದ ಟ್ರೈಲರೊಂದು ಇದ್ದಕ್ಕಿದ್ದಂತೆ ಕಂಡಿತು. ಚಾಲಕರು ಜೀಪನ್ನು ರಸ್ತೆಯ ಬದಿಗೆ ಇಳಿಸಿದ್ದರಿಂದ ಉಳಿದೆವು. ಮೂಟೆಗಳ ಮೇಲೆ ನಾಲ್ಕು ಜನ ಕುಳಿತಿದ್ದರು. ಬೇಸಾಯಶಾಸ್ತ್ರದವನು ಬ್ರೇಕು, ದೀಪಗಳ ವಿಷಯ ಬರೆಯಲು ಇದೇ ಕಾರಣ.

ಟ್ರಾಕ್ಟರಿನ ಬ್ರೇಕು ಏಕೆ ಸಾಲದು?

ಟ್ರಾಕ್ಟರಿನ ತೂಕ 2 ಟನ್, ಸರಕು ತುಂಬಿದ ಟ್ರೈಲರಿನ ತೂಕ 5 ಟನ್ ಎಂದಿಟ್ಟುಕೊಳ್ಳಿ. ಟ್ರೈಲರಿಗೆ ಬ್ರೇಕಿಲ್ಲದಿದ್ದರೆ 2 ಟನ್ ನಿಲ್ಲಿಸುವ ಬ್ರೇಕು 7 ಟನ್ ನಿಲ್ಲಿಸಬೇಕಾಗುತ್ತದೆ. ಸರಳವಾಗಿ ಲೆಕ್ಕ ಹಾಕಿದರೆ ನಿಲ್ಲಲು ಬೇಕಾಗುವ ದೂರ ಮೂರೂವರೆ ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂಟಿ ಟ್ರಾಕ್ಟರು 5 ಮೀಟರಿನಲ್ಲಿ ನಿಲ್ಲುವುದಾದರೆ, ಟ್ರೈಲರಿನೊಡನೆ 17ರಿಂದ 18 ಮೀಟರು ಬೇಕು. ಚಾಲಕ ಎಚ್ಚೆತ್ತು ಪೆಡಲು ತುಳಿಯುವ ಒಂದು ಸೆಕೆಂಡಿನಲ್ಲಿ ಓಡಿಹೋಗುವ ಐದೂವರೆ ಮೀಟರು ಇದಕ್ಕೆ ಸೇರಿಲ್ಲ. ಇಳಿಜಾರಿನಲ್ಲಿ ಈ ದೂರ ಇನ್ನೂ ಹೆಚ್ಚುತ್ತದೆ.

ಇಳಿಜಾರಿನಲ್ಲಿ ಹೇರು ಗಾಡಿ ಎತ್ತುಗಳ ಮೇಲೆ ನುಗ್ಗುವುದನ್ನು ನೀವು ಬಲ್ಲಿರಿ. ಟ್ರೈಲರೂ ಹಾಗೆಯೇ ಟ್ರಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ತಿರುವಿನಲ್ಲಿ ಹೀಗಾದರೆ ಟ್ರಾಕ್ಟರು ಅಡ್ಡ ತಿರುಗಿ ಮಗುಚುತ್ತದೆ.

ಯಾವ ಬ್ರೇಕು ಸೂಕ್ತ?

ಅಮೆರಿಕದಲ್ಲಿ ಪಿಕಪ್ ವಾಹನಗಳು ಎಳೆಯುವ ಟ್ರೈಲರುಗಳಿಗೆ ವಿದ್ಯುತ್ ಬ್ರೇಕು ಹಾಕುವುದುಂಟು. ಚಾಲಕನ ಬಳಿಯ ನಿಯಂತ್ರಕವು ಚಕ್ರದೊಳಗಿನ ವಿದ್ಯುತ್ ಅಯಸ್ಕಾಂತಕ್ಕೆ ಬ್ಯಾಟರಿಯಿಂದ ವಿದ್ಯುತ್ತು ಹರಿಸುತ್ತದೆ. ಚಕ್ರವೊಂದಕ್ಕೆ ಸುಮಾರು 3 ಆಂಪಿಯರಿನಂತೆ ನಾಲ್ಕು ಚಕ್ರಕ್ಕೆ 12 ಆಂಪಿಯರು ಬೇಕು. ಡೈನಮೋ ಇರುವ ಹಳೆಯ ಟ್ರಾಕ್ಟರಿನಲ್ಲಿ ಎಂಜಿನ್ ನಿಧಾನವಾಗಿ ಓಡುವಾಗ ಬ್ಯಾಟರಿ ಚಾರ್ಜ್ ಆಗುವುದೇ ಕಡಿಮೆ. ಬ್ಯಾಟರಿ ಕುಗ್ಗಿದರೆ ಬ್ರೇಕೂ ಕುಗ್ಗುತ್ತದೆ. ಆದುದರಿಂದ ಇದು ನಮ್ಮ ಹಳೆಯ ಟ್ರಾಕ್ಟರುಗಳಿಗೆ ಹೊಂದುವುದಿಲ್ಲ.

ನಮಗೆ ಸೂಕ್ತವಾದುದು ತಾನಾಗಿ ಹಿಡಿಯುವ ಯಾಂತ್ರಿಕ ಬ್ರೇಕು. ಟ್ರಾಕ್ಟರು ನಿಧಾನವಾದಾಗ ಟ್ರೈಲರು ಮುಂದಕ್ಕೆ ತಳ್ಳುತ್ತದೆ. ಆಗ ಮೂಕಿಯ ತುದಿ ಹಿಂದಕ್ಕೆ ಜರುಗಿ, ಸನ್ನೆಕೋಲು ಮತ್ತು ಸರಳುಗಳ ಮೂಲಕ ಚಕ್ರದ ಬ್ರೇಕುಗಳನ್ನು ಹಿಡಿಸುತ್ತದೆ. ಟ್ರೈಲರು ಹೆಚ್ಚು ತಳ್ಳಿದಷ್ಟೂ ಬ್ರೇಕು ಹೆಚ್ಚು ಹಿಡಿಯುತ್ತದೆ. ಹೊಸ ಟ್ರೈಲರು ಮಾಡಿಸುವಾಗಲೇ ಇದನ್ನು ಕೇಳಿ ಹಾಕಿಸಿರಿ. ಜರುಗುವ ಭಾಗಕ್ಕೆ ಆಗಾಗ್ಗೆ ಗ್ರೀಸು ಹಾಕಬೇಕು. ತುಕ್ಕು ಹಿಡಿದು ಬಿಗಿದರೆ ಬ್ರೇಕು ಇದ್ದೂ ಇಲ್ಲದಂತೆ.

ದೀಪಗಳ ಜೋಡಣೆ

ಬೇಕಾಗುವ ಸಾಮಗ್ರಿಗಳು: 7 ಪಿನ್ನಿನ ಪ್ಲಗ್ಗು ಮತ್ತು ಸಾಕೆಟ್ಟು, 10 ಆಂಪಿಯರ್ ಫ್ಯೂಸು, ಪೆಡಲಿಗೆ ಹಾಕುವ ಬ್ರೇಕ್ ಸ್ವಿಚ್ಚು, ಎರಡು ಹಿಂದಿನ ದೀಪಗಳು, 1.5 ಚದರ ಮಿ.ಮೀ. ತಾಮ್ರದ ವೈರು, ಅರ್ಥಿಗಾಗಿ 2.5 ಚದರ ಮಿ.ಮೀ. ವೈರು.

1. ಮೊದಲು ಬ್ಯಾಟರಿಯಲ್ಲಿ ಟ್ರಾಕ್ಟರಿನ ಮೈಗೆ ಸೇರಿದ ಕೇಬಲನ್ನು ಬಿಚ್ಚಿರಿ. ಕೆಲಸ ಮುಗಿದ ಮೇಲೆ ಅದನ್ನೇ ಕೊನೆಯಲ್ಲಿ ಹಾಕಿರಿ. ಇದರಿಂದ ಸ್ಪ್ಯಾನರು ತಗುಲಿ ಕಿಡಿ ಹಾರುವುದು ತಪ್ಪುತ್ತದೆ.

2. ಮೈಗೆ ಸೇರಿದ್ದು ಪಾಸಿಟಿವ್ ತುದಿಯೋ ನೆಗೆಟಿವ್ ತುದಿಯೋ ನೋಡಿಕೊಳ್ಳಿ. ಕೆಲವು ಹಳೆಯ ಟ್ರಾಕ್ಟರುಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಸಾಮಾನ್ಯ ಬಲ್ಬಿಗೆ ಇದರಿಂದ ತೊಂದರೆಯಿಲ್ಲ. ಎಲ್‌ಇಡಿ ದೀಪ ಮಾತ್ರ ತಿರುಗುಮುರುಗಾದರೆ ಉರಿಯುವುದಿಲ್ಲ.

3. ಬ್ಯಾಟರಿಯಿಂದ ಬರುವ ವೈರಿಗೆ, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸು ಹಾಕಿರಿ. 21 ವ್ಯಾಟಿನ ಎರಡು ಬ್ರೇಕ್ ದೀಪಕ್ಕೆ 12 ವೋಲ್ಟಿನಲ್ಲಿ 3.5 ಆಂಪಿಯರ್, 5 ವ್ಯಾಟಿನ ಎರಡು ಟೇಲ್ ದೀಪಕ್ಕೆ 0.8, ಒಂದು ಇಂಡಿಕೇಟರಿಗೆ 1.75, ಒಟ್ಟು ಸುಮಾರು 6 ಆಂಪಿಯರ್ ಆಗುತ್ತದೆ. ಫ್ಯೂಸಿನ ಜಾಗದಲ್ಲಿ ಬರಿಯ ತಂತಿ ಸುತ್ತಬೇಡಿ. ವೈರು ಸುಟ್ಟು ಬೆಂಕಿ ಹತ್ತಬಹುದು.

4. ಅಂತರರಾಷ್ಟ್ರೀಯ ಮಾನಕದಂತೆ ಪಿನ್ನುಗಳ ಜೋಡಣೆ ಹೀಗಿದೆ:
1 – ಹಳದಿ – ಎಡ ಇಂಡಿಕೇಟರ್
2 – ನೀಲಿ – ಹಿಂದಿನ ಮಂಜು ದೀಪ (ಇಲ್ಲದಿದ್ದರೆ ಖಾಲಿ ಬಿಡಿ)
3 – ಬಿಳಿ – ಅರ್ಥ್
4 – ಹಸಿರು – ಬಲ ಇಂಡಿಕೇಟರ್
5 – ಕಂದು – ಬಲ ಟೇಲ್ ದೀಪ
6 – ಕೆಂಪು – ಬ್ರೇಕ್ ದೀಪಗಳು
7 – ಕಪ್ಪು – ಎಡ ಟೇಲ್ ದೀಪ
ಪಿನ್ನಿನ ಸಂಖ್ಯೆ ಪ್ಲಗ್ಗಿನ ಮೇಲೆಯೇ ಇರುತ್ತದೆ. ಹಳೆಯ ವೈರಿನ ಬಣ್ಣವನ್ನು ನಂಬದೆ ಸಂಖ್ಯೆಯನ್ನೇ ನೋಡಿ ಜೋಡಿಸಿರಿ.

5. ಅರ್ಥಿಗೆ ಬೇರೆ ವೈರನ್ನೇ ಎಳೆಯಿರಿ. ಕೊಂಡಿಯ ಪಿನ್ನಿನ ಮೂಲಕ ಅರ್ಥ್ ಸಿಗುತ್ತದೆಂದು ಬಿಡುವುದು ಸಾಮಾನ್ಯ ತಪ್ಪು. ಅಲ್ಲಿ ಮಣ್ಣು, ಗ್ರೀಸು, ತುಕ್ಕು ಇರುತ್ತವೆ. ಬ್ರೇಕು ತುಳಿದಾಗ ಇಂಡಿಕೇಟರೂ ಮಂಕಾಗಿ ಉರಿದರೆ ಅರ್ಥ್ ಕೆಟ್ಟಿದೆ ಎಂದೇ ತಿಳಿಯಿರಿ.

6. ವೈರನ್ನು ಕೊಳವೆಯೊಳಗೆ ಹಾಯಿಸಿ ಚಾಸಿಗೆ ಕಟ್ಟಿರಿ. ಮೂಕಿಯ ಬಳಿ ತಿರುವಿಗೆ ಸಾಲುವಷ್ಟು ಸಡಿಲ ಬಿಡಿ, ಆದರೆ ನೆಲಕ್ಕೆ ಉಜ್ಜಬಾರದು.

ಟ್ರೈಲರಿನ ಬಲ್ಬು ಸೇರಿದ ಮೇಲೆ ಇಂಡಿಕೇಟರು ಮಿನುಗುವ ವೇಗ ಬದಲಾದರೆ, ಹೆಚ್ಚಿನ ಬಲ್ಬುಗಳಿಗೆ ತಕ್ಕ ಫ್ಲಾಶರನ್ನು ಹಾಕಿಸಿರಿ.

ಹೊರಡುವ ಮುನ್ನ

ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಿ. ಹೊಲದಲ್ಲಿ ತಿರುಗಿಸಲು ಬಿಡಿಸಿದ ಪೆಡಲುಗಳನ್ನು ರಸ್ತೆಯಲ್ಲಿ ಹಾಗೆಯೇ ಬಿಟ್ಟರೆ ಒಂದೇ ಚಕ್ರ ಹಿಡಿದು ಟ್ರಾಕ್ಟರು ತಿರುಗಿಬಿಡುತ್ತದೆ. ಒಬ್ಬರು ಪೆಡಲು ತುಳಿಯಲಿ, ಇನ್ನೊಬ್ಬರು ಹಿಂದೆ ನಿಂತು ದೀಪಗಳನ್ನು ನೋಡಲಿ. ಕೆಂಪು ಪ್ರತಿಫಲಕಗಳ ಮೇಲಿನ ಕೆಸರನ್ನು ಒರೆಸಿರಿ. ಬ್ಯಾಟರಿ ಕೈಕೊಟ್ಟರೂ ಹಿಂದಿನ ವಾಹನದ ಬೆಳಕಿಗೆ ಅವು ಹೊಳೆಯುತ್ತವೆ. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಇಳಿಯುವಾಗ ಕ್ಲಚ್ಚು ತುಳಿಯಬೇಡಿ, ನ್ಯೂಟ್ರಲ್ ಮಾಡಬೇಡಿ. ಮೂಟೆಗಳ ಮೇಲೆ ಆಳುಗಳನ್ನು ಕೂರಿಸಬೇಡಿ.

ಮೇಲಿನ ವೈರಿಂಗು ಒಂದು ದಿನದ ಕೆಲಸ. ನಿಮಗೆ ಕೈ ಬಾರದಿದ್ದರೆ ಈ ಪಟ್ಟಿಯನ್ನು ಅಟೋ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ ಮಾಡಿಸಿರಿ. ಈ ಸಲದ ಆಲೂಗೆಡ್ಡೆ ಹೇರುವ ಮೊದಲೇ ಈ ಕೆಲಸ ಮುಗಿಯಲಿ.