ಟ್ರೇಲರಿನ ತಳ ನೋಡಿದ್ದೀರಾ?



ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಹೋಗಬೇಕು. ಗೌರಿಬಿದನೂರಿನ ಹೊಲದಿಂದ ಮುಸುಕಿನ ಜೋಳ ಮನೆಗೆ ಬರಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಕ್ಕೆ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಬರಬೇಕು. ಈ ಕೆಲಸಕ್ಕೆಲ್ಲ ನಮಗೆ ಟ್ರ್ಯಾಕ್ಟರ್ ಬೇಕು, ಟ್ರೇಲರ್ ಬೇಕು.

ಆಯುಧ ಪೂಜೆ ದಿನ ಟ್ರೇಲರಿಗೆ ಹೂವಿನ ಹಾರ ಹಾಕ್ತೀವಿ. ಮೇಲಿನ ಬಣ್ಣ ಒರೆಸಿ ಹೊಳಪು ಮಾಡ್ತೀವಿ. ಆದರೆ ಬಗ್ಗಿ ಅದರ ತಳ ನೋಡ್ತೀವಾ? ತುಕ್ಕು ಮೊದಲು ತಿನ್ನುವುದು ಅಲ್ಲೇ.

ತುಕ್ಕು ಹೇಗೆ ಹಿಡಿಯುತ್ತೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತೆ. ತುಕ್ಕು ಪದರ ಪದರವಾಗಿ ಉದುರುತ್ತೆ. ಆಗ ಒಳಗಿನ ಕಬ್ಬಿಣಕ್ಕೂ ನೀರು, ಗಾಳಿ ತಾಗುತ್ತೆ. ಹೀಗೆ ದಪ್ಪ ಪಟ್ಟಿಯೂ ತೆಳ್ಳಗಾಗುತ್ತೆ.

ಉಪ್ಪು ಸೇರಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತೆ. ಬೇಕಾದರೆ ಪರೀಕ್ಷೆ ಮಾಡಿ. ಎರಡು ಕಬ್ಬಿಣದ ಮೊಳೆ ತೊಗೊಳ್ಳಿ. ಒಂದಕ್ಕೆ ಬರಿ ನೀರಿನ ಬಟ್ಟೆ ಸುತ್ತಿ. ಇನ್ನೊಂದಕ್ಕೆ ಉಪ್ಪುನೀರಿನ ಬಟ್ಟೆ ಸುತ್ತಿ. ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ಕೆಲವು ದಿನ ಬಿಟ್ಟು ಬಿಚ್ಚಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತೆ.

ಉಪ್ಪು ಎಲ್ಲಿಂದ ಬಂತು?

ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಚಳಿಗಾಲಕ್ಕೆ ರಸ್ತೆ ಮೇಲೆ ಹಿಮ ಬೀಳುತ್ತೆ. ಅದು ಕರಗಲಿ ಎಂದು ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಚಕ್ರದಿಂದ ಸಿಡಿದು ವಾಹನದ ತಳಕ್ಕೆ ಅಂಟುತ್ತೆ. ಅದಕ್ಕೇ ಅಲ್ಲಿಯವರು ತಳವನ್ನೂ ತೊಳೆಸುತ್ತಾರೆ.

ನಮ್ಮ ನಂದಿಬೆಟ್ಟದಲ್ಲಿ ಮಂಜು ಕವಿಯುತ್ತೆ, ಹಿಮ ಬೀಳಲ್ಲ. ನಮ್ಮ ರಸ್ತೆಗೆ ಯಾರೂ ಉಪ್ಪು ಚೆಲ್ಲಲ್ಲ. ಆದರೆ ಟ್ರೇಲರಿಗೆ ಉಪ್ಪನ್ನು ನಾವೇ ತುಂಬ್ತೀವಿ! ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಅದರ ಚೀಲದ ಮೇಲೆ ಎಂ.ಒ.ಪಿ. ಎಂದು ಇರುತ್ತೆ. ಯೂರಿಯಾ ಗಾಳಿಯ ತೇವ ಹೀರುತ್ತೆ. ಕೋಳಿಗೊಬ್ಬರದಲ್ಲೂ ಉಪ್ಪಿನ ಅಂಶ ಇದೆ. ಚೀಲದಿಂದ ಉದುರಿದ ಗೊಬ್ಬರ ಸಂದಿಯಲ್ಲಿ ಕೂರುತ್ತೆ. ರಾತ್ರಿ ಇಬ್ಬನಿಗೆ ಕರಗಿ ಕೆಳಗಿಳಿಯುತ್ತೆ.

ನಷ್ಟ ಏನು?

ತಗಡು ತೂತಾದರೆ ಹಣ ಹೋಗುತ್ತೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಹಾಕುವ ಕೊಂಡಿ ಸವೆದರೆ ಪ್ರಾಣವೇ ಹೋಗಬಹುದು. ತುಂಬಿದ ಟ್ರೇಲರ್ ಏರಿನಲ್ಲಿ ಕಳಚಿದರೆ ಹಿಂದಕ್ಕೆ ಉರುಳುತ್ತೆ. ಹಿಂದೆ ಸೈಕಲ್ ಮೇಲೆ ಶಾಲೆ ಮಕ್ಕಳು ಬರುತ್ತಿರಬಹುದು.

ನಾವೇನು ಮಾಡೋಣ?

1. ಗೊಬ್ಬರ ಇಳಿಸಿದ ದಿನವೇ ಟ್ರೇಲರ್ ಗುಡಿಸೋಣ. ಉದುರಿದ್ದನ್ನು ಹೊಲಕ್ಕೇ ಹಾಕೋಣ.

2. ತಳ, ಸಂದಿ, ಕೊಂಡಿ ಎಲ್ಲ ನೀರಿನಿಂದ ತೊಳೆಯೋಣ. ಕೆರೆಯಲ್ಲಿ ತೊಳೆಯುವುದು ಬೇಡ. ಅಲ್ಲಿ ದನಕರು ನೀರು ಕುಡಿಯುತ್ತವೆ. ಹೊಲದ ಬದಿಯಲ್ಲಿ ತೊಳೆಯೋಣ. ಬಿಸಿಲಲ್ಲಿ ಒಣಗಿಸೋಣ.

3. ತುಕ್ಕು ಕಂಡ ಕಡೆ ತಂತಿ ಬ್ರಷ್ಷಿನಿಂದ ಉಜ್ಜೋಣ. ಕಣ್ಣು ಜೋಪಾನ. ಆಮೇಲೆ ರೆಡ್ ಆಕ್ಸೈಡ್ ಬಳಿಯೋಣ. ಅದು ಒಣಗಿದ ಮೇಲೆ ಬಣ್ಣ ಹೊಡೆಯೋಣ. ತುಕ್ಕಿನ ಮೇಲೇ ಬಣ್ಣ ಬಳಿದರೆ ಒಳಗೊಳಗೇ ತಿನ್ನುತ್ತೆ.

4. ಕೊಂಡಿಗೆ, ಪಿನ್ನಿಗೆ ಗ್ರೀಸ್ ಹಚ್ಚೋಣ. ಬ್ರೇಕಿಗೆ, ಟೈರಿಗೆ ಗ್ರೀಸ್ ತಾಗಬಾರದು.

5. ಪಟ್ಟಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡೋಣ. ಪದರ ಉದುರಿದರೆ ಮೆಕ್ಯಾನಿಕ್‌ಗೆ ತೋರಿಸೋಣ. ಪಿನ್ನು ಸವೆದಿದ್ದರೆ ಹೊಸದು ಹಾಕೋಣ.

ಎಚ್ಚರಿಕೆ! ಚಕ್ರಕ್ಕೆ ಕಲ್ಲು ಕೊಟ್ಟು ಕೆಲಸ ಮಾಡಿ. ಜಾಕ್ ಒಂದನ್ನೇ ನಂಬಿ ಟ್ರೇಲರಿನ ಕೆಳಗೆ ಹೋಗಬೇಡಿ.

ನಮ್ಮ ಹಿರಿಯರು ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿಯೇ ದೂರದೂರಿಗೆ ಹೊರಡುತ್ತಿದ್ದರು. ಗಾಡಿ ಬದಲಾಯಿತು, ಜೋಪಾನ ಬದಲಾಗಬಾರದು. ಟ್ರೇಲರ್ ತೊಳೆದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡೋಣ. ಈಗ ನಮಗೆ ಬರೆಯಲು ಬರುತ್ತಲ್ಲ!

ಓದಿ, ಬರೆಯಿರಿ: ಉಪ್ಪು, ತುಕ್ಕು, ಕೊಂಡಿ, ಗೊಬ್ಬರ, ಎಚ್ಚರಿಕೆ.